ಮಷೀನ್ ಪಕ್ಕದ ಪರದೆಗೆ ವಿಡಿಯೊ ಸೂಚನೆ: ಲಿಂಕ್ ಕಟ್ಟುವುದು ಹೇಗೆ?

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ) ಮಷೀನಿನ ಪಕ್ಕ ಟ್ಯಾಬ್ಲೆಟ್ ತೂಗುಹಾಕಿ ವಿಡಿಯೊ ತುಂಬಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ವಿಡಿಯೊ ಯಾರು ಬೇಕಾದರೂ ತೆಗೆಯಬಹುದು. ಈ ಜಾಬಿಗೆ (ಮಷೀನಿನಲ್ಲಿ ತಯಾರಾಗುವ ತುಂಡಿಗೆ) ಈ ವಿಡಿಯೊವೇ ತೆರೆದುಕೊಳ್ಳಬೇಕು ಎಂಬಲ್ಲಿ ಎಡವಟ್ಟಾಗುತ್ತದೆ.

ಲಿಂಕನ್ನು ಫೈಲ್ ಹೆಸರಿಗೆ ಕಟ್ಟಬೇಡಿ. ಯಾರೋ ಫೋಲ್ಡರ್ ಬದಲಿಸಿದ ದಿನ ಎಲ್ಲವೂ ಕಡಿದುಹೋಗುತ್ತವೆ. ಪಾರ್ಟ್ ನಂಬರ್, ಆಪರೇಷನ್ (ಕೆಲಸದ ಹಂತ) ನಂಬರ್, ಡ್ರಾಯಿಂಗ್ ರಿವಿಷನ್ (ನಕ್ಷೆಯ ಎಷ್ಟನೇ ಆವೃತ್ತಿ) ಮೂರೂ ಸೇರಿ ಪುಟದ ವಿಳಾಸವಾಗಲಿ. ಆಪರೇಟರ್ ಜಾಬ್ ಕಾರ್ಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ವರ್ಕ್ ಆರ್ಡರಿನಿಂದ ಇವನ್ನು ಸರ್ವರೇ ಹೆಕ್ಕಿಕೊಳ್ಳಬೇಕು. ರಿವಿಷನ್ ಆರಿಸುವ ಪಟ್ಟಿಯನ್ನು ಪರದೆಯ ಮೇಲೆ ಇಡಲೇಬೇಡಿ. ಡ್ರಾಯಿಂಗ್ 'ಸಿ'ಗೆ ಹೋಗಿ ವಿಡಿಯೊ 'ಬಿ'ಯಲ್ಲೇ ಉಳಿದಿದ್ದರೆ ಪುಟ "ಪರಿಶೀಲನೆ ಬಾಕಿ" ಎನ್ನಲಿ, ಹಳೆಯದನ್ನು ತೋರಿಸದಿರಲಿ.

ಒಂದು ಕ್ಲಿಪ್ಪಿಗೆ ಒಂದೇ ಕ್ರಿಯೆ, 20ರಿಂದ 40 ಸೆಕೆಂಡ್. ಲೇತಿನಲ್ಲಿ ಜಾಬನ್ನು ಹಿಡಿದು ತಿರುಗಿಸುವ ಚಕ್ಕಿಗೆ ಸಾಫ್ಟ್ ಜಾ (ಜಾಬಿನ ಅಳತೆಗೆ ಮೊದಲೇ ಬೋರ್ ಮಾಡಿಟ್ಟ ಮೆದು ಲೋಹದ ಹಿಡಿತದ ತುಂಡು) ಕೂರಿಸುವುದನ್ನೇ ನೋಡಿ. ಜಾ ಕೂರುವ ಹಲ್ಲುಗಳ ಸಂದಿಯ ಚಿಪ್ (ಲೋಹದ ಚೂರು) ಒರೆಸುವುದು ಒಂದು ಕ್ಲಿಪ್. 3 ಜಾ ತುಂಡುಗಳನ್ನೂ ಅವುಗಳ ನಂಬರಿನ ಸ್ಥಾನದಲ್ಲಿ, ಮೂರಕ್ಕೂ ಹಲ್ಲಿನ ಎಣಿಕೆ ಒಂದೇ ಇರುವಂತೆ ಇಡುವುದು ಇನ್ನೊಂದು. ಬೋಲ್ಟ್ ಬಿಗಿಸುವುದು ಮತ್ತೊಂದು. ಎರಡನೆಯದಕ್ಕೆ ಕ್ಯಾಮೆರಾ ಹಲ್ಲು ಎಣಿಸುವಷ್ಟು ಹತ್ತಿರ ಹೋಗಬೇಕು, ಏಕೆಂದರೆ ಒಂದು ಜಾ ಒಂದೇ ಹಲ್ಲು ಜರುಗಿದರೂ ಜಾಬ್ ಸೆಂಟರ್ ತಪ್ಪುತ್ತದೆ.

ಟಾರ್ಕ್ (ಬಿಗಿಸುವ ಬಲ), ಆಫ್‌ಸೆಟ್ (ಟೂಲಿನ ಸ್ಥಾನ ತಿದ್ದುವ ಅಳತೆ), ಪ್ರೆಶರ್ ಅಂಕಿಗಳನ್ನು ವಿಡಿಯೊದಲ್ಲಿ ಹೇಳಬೇಡಿ, ಬರೆಯಲೂ ಬೇಡಿ. ಅಂಕಿ ಬದಲಾದರೆ ಮತ್ತೆ ಚಿತ್ರೀಕರಿಸಬೇಕು. ಅದನ್ನು ಎಲ್ಲರೂ ಮುಂದೂಡುತ್ತಾರೆ, ಅಷ್ಟರಲ್ಲಿ ತಪ್ಪು ಅಂಕಿ ದಿನವೂ ಓಡುತ್ತಿರುತ್ತದೆ. ವಿಡಿಯೊ ಕೈಚಳಕ ತೋರಿಸಲಿ. ಅಂಕಿ ಡೇಟಾಬೇಸಿನಿಂದ ಪಕ್ಕದಲ್ಲಿ ಮೂಡಲಿ.

ಗದ್ದಲದಲ್ಲಿ ಮಾತು ಕೇಳಿಸದು, ದಪ್ಪ ಅಕ್ಷರದ ಶೀರ್ಷಿಕೆ ಹಾಕಿ. ದೃಶ್ಯದಲ್ಲಿ ಪಟ್ಟೆಗಳು ಓಡುತ್ತಿದ್ದರೆ ದೀಪದ ಮಿನುಗು ಕಾರಣ: 50 ಹರ್ಟ್ಸ್ ವಿದ್ಯುತ್ತಿಗೆ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್, 60 ಹರ್ಟ್ಸಿಗೆ 1/60 ಅಥವಾ 1/120.

ಅಲಾರ್ಮಿಗೂ ಲಿಂಕ್ ಕೊಡಬಹುದು. ಕಂಟ್ರೋಲರಿನ ಅಲಾರ್ಮ್ ನಂಬರನ್ನು ಎಂಟಿಕನೆಕ್ಟ್ ಅಥವಾ ಒಪಿಸಿ ಯುಎ (ಮಷೀನಿನ ಮಾಹಿತಿಯನ್ನು ಕಂಪ್ಯೂಟರಿಗೆ ಕೊಡುವ ಮಾನಕಗಳು) ಮೂಲಕ ಓದಿ ಪರಿಹಾರದ ಪುಟ ತೆರೆಸಿ. ಇಲ್ಲೊಂದು ಅಪಾಯವಿದೆ: ಮಷೀನ್ ತಯಾರಕರು ತಾವೇ ಸೇರಿಸಿದ ಅಲಾರ್ಮುಗಳಲ್ಲಿ ಅದೇ ನಂಬರಿಗೆ ಬೇರೆ ಮಷೀನಿನಲ್ಲಿ ಬೇರೆ ಅರ್ಥ. ಮಷೀನ್ ಮಾಡೆಲ್ ಮತ್ತು ಅಲಾರ್ಮ್ ನಂಬರ್ ಎರಡನ್ನೂ ಸೇರಿಸಿಯೇ ಹುಡುಕಿಸಿ.

ಪುಟದಲ್ಲಿ 3ಡಿ ಮಾಡೆಲ್ ಕೂಡ ತೋರಿಸುವುದಾದರೆ, ಅದನ್ನು ಸ್ಟೆಪ್ (ನಿಖರ ವಿನ್ಯಾಸದ) ಫೈಲಿನಿಂದ ಹಗುರ ಮೆಶ್‌ಗೆ (ಚಪ್ಪಟೆ ತುಂಡುಗಳ ಜಾಲಕ್ಕೆ) ಇಳಿಸಿದಾಗ ವೃತ್ತಗಳು ಸಣ್ಣ ಚಪ್ಪಟೆ ತುಂಡುಗಳಾಗುತ್ತವೆ. ತಿರುಗಿಸಿ ನೋಡಲು ಅದು ಸಾಕು, ಅಳೆಯಲು ಅಲ್ಲ. ಅಳತೆಯ ಬಟನ್ ತೆಗೆದುಹಾಕಿ.

ಫಿಕ್ಸ್ಚರಿನ (ಜಾಬ್ ಹಿಡಿದಿಡುವ ಸಾಧನದ) ಮೇಲೆ ಕ್ಯೂಆರ್ ಕೋಡ್ ಅಂಟಿಸುವುದಾದರೆ ಅದಕ್ಕೆ ದೋಷ ಸರಿಪಡಿಸುವ ಮಟ್ಟ 'ಎಚ್' ಇರಲಿ. ಸುಮಾರು ಶೇ 30 ಹಾಳಾದರೂ ಓದುತ್ತದೆ, ಎಣ್ಣೆ ಮೆತ್ತುವ ಕಡೆ ಅಷ್ಟು ಬೇಕು. 30 ಸೆಂ.ಮೀ. ದೂರದಿಂದ ಸ್ಕ್ಯಾನ್ ಮಾಡುವುದಾದರೆ 3 ಸೆಂ.ಮೀ. ಅಗಲ.

ವೈಫೈ ನಂಬಬೇಡಿ. ಕಾರ್ಡ್ ಸ್ಕ್ಯಾನ್ ಆದ ಕೂಡಲೇ ಆ ಆಪರೇಷನ್ನಿನ ಎಲ್ಲ ಕ್ಲಿಪ್ಪುಗಳೂ ಟ್ಯಾಬ್ಲೆಟ್ಟಿಗೆ ಇಳಿಯಲಿ. ಶುರು ಮಾಡುವ ಮುನ್ನ ಪರೀಕ್ಷೆಯ ಒಂದು ಪಾರ್ಟಿನ ರಿವಿಷನ್ ಬೇಕೆಂದೇ ಏರಿಸಿ, ಕಾರ್ಡ್ ಸ್ಕ್ಯಾನ್ ಮಾಡಿ. ಹಳೆಯ ವಿಡಿಯೊ ತೆರೆದರೆ ಮೊದಲು ಟ್ಯಾಬ್ಲೆಟ್ಟಿನ ಕ್ಯಾಶ್ (ಮೊದಲೇ ಇಳಿಸಿಟ್ಟ ಪ್ರತಿಗಳು) ನೋಡಿ.