ಸ್ಪ್ರಿಂಗ್ ಲೆಕ್ಕ ಮೊದಲು, ಶಾಕಪ್ ಆಮೇಲೆ

ತೋಟದಲ್ಲಿ ಓಡುವ ಎಟಿವಿಗೆ (ಬೈಕಿನಂತೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ) ಬೇರೆ ಶಾಕಪ್ ಹಾಕಿಸಬೇಕು ಅಂದ ತಕ್ಷಣ ಎದುರಾಗುವ ಪ್ರಶ್ನೆ, ಫಾಕ್ಸ್ ಕಂಪನಿಯದೋ ಎಲ್ಕಾ ಕಂಪನಿಯದೋ ಎಂಬುದು. ನಾನು ಅದನ್ನು ಕೊನೆಗಿಟ್ಟೆ. ತಕ್ಕಡಿ, ಟೇಪು ಹಿಡಿದು ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕೆಂದು ತಿಳಿದುಕೊಳ್ಳದೆ ಯಾವ ಕಂಪನಿಯ ಮಾಲು ತರಿಸಿದರೂ ದುಡ್ಡು ದಂಡ.

ಗಾಡಿ ಪೋಲಾರಿಸ್ ಸ್ಪೋರ್ಟ್ಸ್‌ಮನ್ 570. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕಪ್ಪೂ ಸ್ಪ್ರಿಂಗೂ ಸೇರಿ ಚಕ್ರವನ್ನು ಹಿಡಿಯುವ ಒಂದೇ ಕಂಬ), ಚಕ್ರದ ಏರಿಳಿತ 20.8 ಸೆಂ.ಮೀ.; ಹಿಂದೆ ಡಬಲ್ ಎ-ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ, A ಆಕಾರದ ಎರಡು ತೋಳು), 24.1 ಸೆಂ.ಮೀ. ಒಬ್ಬರೇ ಕೂತು ತೋಟ ಸುತ್ತುವುದಕ್ಕೆ ಗಾಡಿಯ ಜೊತೆ ಬಂದ ಶಾಕಪ್ಪೇ ಸಾಕು. ಹಿಂದಿನ ರ್ಯಾಕಿಗೆ ಗೊಬ್ಬರದ ಮೂಟೆ ಬಿದ್ದು, ಮಳೆನೀರು ಕೊರೆದ ಏರು ಹತ್ತುವಾಗ ತೊಂದರೆ ಶುರು. ಹಿಂಭಾಗ ಕುಕ್ಕರಿಸುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಇದು ಸ್ಪ್ರಿಂಗಿನ ದೌರ್ಬಲ್ಯ. ಒಳಗಿನ ಆಯಿಲು, ಗ್ಯಾಸು ಎಷ್ಟೇ ಚೆನ್ನಾಗಿದ್ದರೂ ನಿಂತ ಭಾರವನ್ನು ಅವು ಹೊರುವುದಿಲ್ಲ.

ಈಗಿರುವ ಸ್ಪ್ರಿಂಗಿನ ಬಲ ತಿಳಿಯಲು ಅದನ್ನು ಬಿಚ್ಚಬೇಕಿಲ್ಲ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂಭಾಗವನ್ನು ನಾಲ್ಕೈದು ಸಲ ಅದುಮಿ ಬಿಟ್ಟು, ನೆಲದಿಂದ ಚಾಸಿಯ ಒಂದು ಗುರುತಿನವರೆಗೆ ಅಳೆಯಿರಿ. ರ್ಯಾಕಿನ ಮೇಲೆ, ಆದಷ್ಟು ಹಿಂದಿನ ಆಕ್ಸಲ್ಲಿನ ನೇರಕ್ಕೆ, ತೂಗಿದ 80 ಕೆ.ಜಿ. ಇಟ್ಟು ಮತ್ತೆ ಅದುಮಿ ಅಳೆಯಿರಿ. 41 ಮಿ.ಮೀ. ಇಳಿದರೆ, ಒಂದು ಚಕ್ರದ ಪಾಲಿನ 40 ಕೆ.ಜಿ.ಗೆ 41 ಮಿ.ಮೀ. ಎಂದಾಯಿತು. ಮಿ.ಮೀ.ಗೆ 0.97 ಕೆ.ಜಿ.ಗಿಂತ ಚೂರು ಹೆಚ್ಚು. ಇದನ್ನು ಪೌಂಡು-ಇಂಚಿನ ಲೆಕ್ಕಕ್ಕೆ ತಿರುಗಿಸಲು 56ರಿಂದ ಗುಣಿಸಿದರೆ ಇಂಚಿಗೆ ಸುಮಾರು 55 ಪೌಂಡ್.

ಇದು ಚಕ್ರದ ಹತ್ತಿರದ ಲೆಕ್ಕ. ಶಾಕಪ್ ಎ-ಆರ್ಮಿನ ನಡುವೆ ಕೂತಿರುವುದರಿಂದ ಚಕ್ರ 10 ಸೆಂ.ಮೀ. ಎದ್ದರೆ ಶಾಕಪ್ ಅಷ್ಟು ಒತ್ತುವುದಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ, ಚಕ್ರವನ್ನು ಜ್ಯಾಕಿನಿಂದ 10 ಸೆಂ.ಮೀ. ಎತ್ತಿ, ಮೇಲಿನ ಬೋಲ್ಟಿನಿಂದ ಎ-ಆರ್ಮಿನ ತೂತಿಗೆ ಇರುವ ದೂರ ಎಷ್ಟು ಕಡಿಮೆಯಾಯಿತೆಂದು ನೋಡಬೇಕು. 6 ಸೆಂ.ಮೀ. ಬಂದರೆ ಅನುಪಾತ 0.6, ಅದರ ವರ್ಗ 0.36. 55 ಭಾಗಿಸು 0.36 ಅಂದರೆ ಸುಮಾರು 153: ಇಂಚಿಗೆ ಹೆಚ್ಚುಕಡಿಮೆ 150 ಪೌಂಡಿನ ಸ್ಪ್ರಿಂಗ್. ಅದೇ ಜಾಗಕ್ಕೆ 200ರದ್ದು ಹಾಕಿದರೆ ಅದೇ ಹೊರೆಗೆ ಗಾಡಿ 31 ಮಿ.ಮೀ. ಮಾತ್ರ ಇಳಿಯುತ್ತದೆ. ಒಂದು ಸೆಂ.ಮೀ. ವ್ಯತ್ಯಾಸಕ್ಕೆ ಇಷ್ಟೆಲ್ಲಾ ಯಾಕೆ ಅನ್ನಿಸಬಹುದು. ಚಕ್ರ ಗುಂಡಿಗೆ ಇಳಿದು ಮೇಲೇಳುವಾಗ ಪ್ರತಿ ಸೆಂ.ಮೀ.ಗೂ ಮೂರನೇ ಒಂದು ಪಾಲು ಹೆಚ್ಚು ಬಲ ಸಿಗುತ್ತದೆ. ತಳ ಬಡಿಯುವುದು ತಪ್ಪುವುದು ಅದರಿಂದಲೇ.

ಕಾಲರ್ (ಶಾಕಪ್ಪಿನ ಮೇಲೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ, ತಿರುಗಿಸುವ ಬಳೆ) ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಮೆಕ್ಯಾನಿಕ್ಕುಗಳೂ ಹೇಳುವುದುಂಟು. ಆಗುವುದಿಲ್ಲ. ಬಿಗಿ ಮಾಡಿದರೆ ಗಾಡಿ ಎತ್ತರಕ್ಕೆ ನಿಲ್ಲುತ್ತದೆ, ಅಷ್ಟೇ. 150 ಯಾವತ್ತೂ 150. ಅತಿಯಾದರೆ ಖಾಲಿ ಗಾಡಿಯಲ್ಲಿ ಶಾಕಪ್ ಪೂರ್ತಿ ಚಾಚಿ, ಪ್ರತಿ ಉಬ್ಬು ದಾಟಿದಾಗಲೂ ಟಕ್ ಎಂದು ಬಡಿಯುತ್ತದೆ. ನಾನು ಇಡುವ ಅಳತೆ ಹೀಗೆ: ಜ್ಯಾಕಿನ ಮೇಲೆ ಚಕ್ರ ಪೂರ್ತಿ ಜೋತುಬಿದ್ದಾಗಿನ ಎತ್ತರಕ್ಕೂ ಸವಾರ ಕೂತಾಗಿನ ಎತ್ತರಕ್ಕೂ ಹಿಂದೆ 7ರಿಂದ 8 ಸೆಂ.ಮೀ., ಮುಂದೆ 6ರಿಂದ 7 ಸೆಂ.ಮೀ. ಇಳಿತ ಇರಬೇಕು. ಇದಕ್ಕೆ ಕಾಲರನ್ನು ತುದಿಯವರೆಗೆ ತಿರುಗಿಸಬೇಕಾಗಿ ಬಂದರೆ ಸ್ಪ್ರಿಂಗೇ ತಪ್ಪು.

ಒಂದು ಎಚ್ಚರಿಕೆ. ಈ ಗಾಡಿಯ ಹಿಂದಿನ ರ್ಯಾಕಿನ ಮಿತಿ 81.6 ಕೆ.ಜಿ., ಮುಂದಿನದು 40.8. ಯೂರಿಯಾ ಮೂಟೆ 45 ಕೆ.ಜಿ., ಎರಡು ಹೇರಿದರೆ ಮಿತಿ ದಾಟಿತು. ಗಟ್ಟಿ ಸ್ಪ್ರಿಂಗ್ ಹಾಕಿದ್ದಕ್ಕೆ ರ್ಯಾಕಾಗಲಿ ಬ್ರೇಕಾಗಲಿ ಗಟ್ಟಿಯಾಗುವುದಿಲ್ಲ.

ಇನ್ನು ಶಾಕಪ್. ಬೋಲ್ಟಿನಿಂದ ಬೋಲ್ಟಿಗೆ ಇರುವ ಉದ್ದ ಕಾರ್ಖಾನೆಯದಷ್ಟೇ ಇರಲಿ. ಗಾಡಿ ಎತ್ತರವಾಗಲೆಂದು 2 ಸೆಂ.ಮೀ. ಉದ್ದದ್ದು ಹಾಕಿದರೆ ಆಕ್ಸಲ್ಲಿನ ಕೋನ ಹೆಚ್ಚಿ, ಸಿವಿ ಜಾಯಿಂಟಿನ (ಆಕ್ಸಲ್ ಬಾಗಿದ್ದರೂ ಚಕ್ರ ತಿರುಗಿಸುವ ಕೀಲು) ರಬ್ಬರ್ ಬೂಟು ಹರಿಯುತ್ತದೆ. ಒಳಗೆ ಕೆಸರು ಹೋದ ಮೇಲೆ ಜಾಯಿಂಟ್ ಹೆಚ್ಚು ದಿನ ಬಾಳದು. ಹೊರಗೆ ಟ್ಯಾಂಕ್, ಹೋಸ್ ಇರುವ ದುಬಾರಿ ಮಾದರಿ ಮರಳುಗಾಡಿನಲ್ಲಿ ಜೋರಾಗಿ ಓಡಿಸುವವರಿಗೆ. ಅಲ್ಲಿ ಆಯಿಲ್ ಕಾಯುತ್ತದೆ. ತೋಟದ 15-20 ಕಿ.ಮೀ. ವೇಗಕ್ಕೆ ಅದು ಬೇಡ. ಕಾಫಿ ಗಿಡದ ರೆಂಬೆ ಸಿಕ್ಕಿ ಹೋಸ್ ಕಿತ್ತುಬರುವುದೇ ಲಾಭ. ಆಯಿಲು ಗ್ಯಾಸು ಬೆರೆಯದಂತೆ ಒಳಗೇ ಪಿಸ್ಟನ್ ಇರುವ, ಬಿಚ್ಚಿ ಸೀಲ್ ಬದಲಿಸಬಹುದಾದ ಮಾದರಿ ಸಾಕು. ಶಾಕಪ್ಪಿನ ತುದಿಯಲ್ಲಿ ಬೋಲ್ಟ್ ತೂರುವ ಕಣ್ಣಿಗೆ ಉಕ್ಕಿನ ಗುಂಡು ಬೇರಿಂಗ್ ಬೇಡ, ಕೆಸರಿಗೆ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಬುಷ್ ಕೇಳಿ. ಮುಂದಿನ ಸ್ಟ್ರಟ್ಟಿಗೆ ಆಯ್ಕೆ ಕಡಿಮೆ, ನಾನು ಬರೀ ಸ್ಪ್ರಿಂಗ್ ಬದಲಿಸಿದೆ.

ಸೀಲ್ ಬದಲಿಸಿದ ಮೇಲೆ ನೈಟ್ರೋಜನ್ ತುಂಬಿಸಬೇಕು. ಎಷ್ಟು ಒತ್ತಡವೆಂದು ಶಾಕಪ್ಪಿನ ಪುಸ್ತಕದಲ್ಲಿರುತ್ತದೆ. 150ರಿಂದ 250 ಪಿಎಸ್‌ಐ ಸಾಮಾನ್ಯ. ಟೈರ್ ಅಂಗಡಿಯ ನೈಟ್ರೋಜನ್ ಯಂತ್ರ ಅಷ್ಟು ಒತ್ತಡ ಕೊಡುವುದಿಲ್ಲ. ಲೀಕ್ ನೋಡಲು ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಇಟ್ಟುಕೊಂಡಿರುವ ಎಸಿ ಮೆಕ್ಯಾನಿಕ್ ಹತ್ತಿರ ಕೆಲಸ ಆಗುತ್ತದೆ.

ಜೋಡಿಸುವಾಗ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಎ-ಆರ್ಮಿಗೆ ಕೆಳಗಿಂದ ಆಸರೆ ಇಡಿ, ಬ್ರೇಕ್ ಹೋಸಿನ ಮೇಲೆ ಭಾರ ಜೋಲಬಾರದು. ಬುಷ್ ರಬ್ಬರಿನದಾದರೆ ಬೋಲ್ಟುಗಳ ಕೊನೆಯ ಬಿಗಿ ಗಾಡಿ ನೆಲಕ್ಕೆ ಇಳಿದ ಮೇಲೆ. ಗಾಳಿಯಲ್ಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಸೀಳುತ್ತದೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸು ಚಿಮ್ಮುವುದರಿಂದ ರಿಬೌಂಡ್ ತಿರುಪನ್ನು (ವಾಪಸು ಚಿಮ್ಮುವ ವೇಗ ತಡೆಯುವ ತಿರುಪು) ಎರಡೆರಡು ಕ್ಲಿಕ್ ಮುಚ್ಚುತ್ತಾ ಹೋಗಬೇಕು. ಸಾಲು ಉಬ್ಬುಗಳಲ್ಲಿ ಗಾಡಿ ಬರಬರುತ್ತಾ ಕುಗ್ಗುತ್ತಾ ಹೋದರೆ ಮುಚ್ಚಿದ್ದು ಜಾಸ್ತಿಯಾಯಿತು, ಒಂದು ಕ್ಲಿಕ್ ಬಿಡಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಹಾಗಾಗಿ 50 ಕಿ.ಮೀ. ಓಡಿದ ಮೇಲೆ ಇಳಿತ ಮತ್ತೆ ಅಳೆಯಬೇಕು. ಕಾಲರ್ ತಿರುಗಿಸುವ ಮುಂಚೆ ಅದು ಓಡುವ ಮರೆ (ಥ್ರೆಡ್) ತೊಳೆದು ಬ್ರಷ್ ಹೊಡೆಯಿರಿ. ಒಂದು ಚಿಟಿಕೆ ಮರಳಿದ್ದರೂ ಅಲ್ಯುಮಿನಿಯಂ ಮರೆ ಕಿತ್ತುಹೋಗುತ್ತದೆ.