ಹಳೇ ಮನೆ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್: ಮೊದಲು ಪ್ರಿಂಟರ್ ನೋಡಿ

ಮನೆಬಳಕೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ (ಉಚಿತವಾಗಿ ಸಿಗುವ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ) ಆಗುತ್ತದಾ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಪ್ರಿಂಟರ್ ಯಾವುದು? ವಿಂಡೋಸ್‌ನಲ್ಲಿ ಮಾತ್ರ ಓಡುವ ಯಾವ ತಂತ್ರಾಂಶ ಇಲ್ಲದಿದ್ದರೆ ನಿಮ್ಮ ಕೆಲಸ ನಿಲ್ಲುತ್ತದೆ? ಬಳಸುವವರಿಗೆ ಕಂಪ್ಯೂಟರ್ ಎಷ್ಟು ಗೊತ್ತು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಬ್ರೌಸರ್, ಯೂಟ್ಯೂಬ್, ವಾಟ್ಸ್ಆ್ಯಪ್ ವೆಬ್, ಆಗೊಂದು ಈಗೊಂದು ಪತ್ರ ಟೈಪ್ ಮಾಡುವುದು, ಇಷ್ಟೇ ಕೆಲಸವಿರುವ ಹಿರಿಯರು ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಕಷ್ಟಪಡುವವರು ವಿಂಡೋಸ್‌ನ ಒಂದೊಂದು ಮೆನುವನ್ನೂ ಬಲ್ಲವರು ಮತ್ತು ಅದಕ್ಕೆಂದೇ ಬರೆದ ತಂತ್ರಾಂಶವನ್ನು ನಂಬಿಕೊಂಡವರು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ 2017ಕ್ಕಿಂತ ಹಿಂದಿನ ಯಂತ್ರಗಳೆಲ್ಲ ಬಹುತೇಕ ಹೊರಗೆ. ಅವುಗಳಲ್ಲಿ ಐ3, ಐ5 ಇರುವವು ಮನೆ ಕೆಲಸಕ್ಕೆ ಇನ್ನೂ ಎಷ್ಟೋ ವರ್ಷ ಧಾರಾಳವಾಗಿ ಸಾಕು. ಲಿನಕ್ಸಿನ ಹಲವು ರೂಪಗಳಲ್ಲಿ ನಾನು ಹಾಕುವುದು ಲಿನಕ್ಸ್ ಮಿಂಟ್ 22ರ ಸರಣಿ. ಅದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರ ತನಕ ಅಪ್‌ಡೇಟ್ ಸಿಗುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಎಂಬ ಡೆಸ್ಕ್‌ಟಾಪಿನ ಆವೃತ್ತಿ, 4 ಜಿಬಿ ಇದ್ದರೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ. ಕನಿಷ್ಠ 2 ಜಿಬಿ ಸಾಕು ಎಂದು ಮಿಂಟ್‌ನವರೇ ಹೇಳಿದ್ದರೂ ಆ ಲೆಕ್ಕಕ್ಕೆ ಹೋಗಬೇಡಿ. ಡೆಸ್ಕ್‌ಟಾಪ್ ಓಡುತ್ತದೆ, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದ ಕೂಡಲೇ ನಿಂತುಬಿಡುತ್ತದೆ.

ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಮಾತೇ ಬೇಡ, ಮೊದಲು 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಲಿನಕ್ಸ್ ಹಾಕಿದ್ದರಿಂದ ಕಂಪ್ಯೂಟರ್ ಚುರುಕಾಯಿತು ಎನ್ನುವವರ ಪೈಕಿ ಹೆಚ್ಚಿನವರಿಗೆ ಆ ಚುರುಕು ಬಂದದ್ದು ಎಸ್‌ಎಸ್‌ಡಿಯಿಂದ. ರ‍್ಯಾಮ್ ಕೊಳ್ಳುವಾಗ ಒಂದು ಎಚ್ಚರಿಕೆ: ನಾಲ್ಕನೇ, ಐದನೇ ತಲೆಮಾರಿನ ಲ್ಯಾಪ್‌ಟಾಪಿಗೆ ಬೇಕಾದ್ದು 1.35 ವೋಲ್ಟಿನ ಡಿಡಿಆರ್3ಎಲ್. ಅಂಗಡಿಯಲ್ಲಿ 1.5 ವೋಲ್ಟಿನ ಸಾದಾ ಡಿಡಿಆರ್3 ಕೊಟ್ಟರೆ ಸ್ಲಾಟಿಗೇನೋ ಕೂರುತ್ತದೆ, ಯಂತ್ರ ಮಾತ್ರ ಆನ್ ಆಗದೇ ಇರಬಹುದು. ಯಂತ್ರದಲ್ಲಿರುವ ಹಳೆಯ ರ‍್ಯಾಮ್ ಪಟ್ಟಿಯ ಮೇಲೆ ‘ಎಲ್’ ಅಕ್ಷರ ಇದೆಯಾ ನೋಡಿಕೊಂಡೇ ಹೋಗಿ.

ಈಗ ಪ್ರಿಂಟರ್. ನಮ್ಮ ಕಡೆ ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಕಾಣುವ ಮಾದರಿಗಳು ಕೆಲವೇ. ಎಪ್ಸನ್ ಎಲ್ ಸರಣಿಯ ಇಂಕ್‌ಟ್ಯಾಂಕ್‌ಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಅವಕ್ಕೆ ಬೇಕಾದ ಚಾಲಕ (ಡ್ರೈವರ್) ಉಬುಂಟುವಿನ ತಂತ್ರಾಂಶ ಭಂಡಾರದಲ್ಲೇ ಇದೆ. ವೈಫೈ ಇರುವ ಈಚಿನ ಪ್ರಿಂಟರುಗಳು ಏರ್‌ಪ್ರಿಂಟ್ ಬಲ್ಲವಾದರೆ ಯಾವ ಚಾಲಕವೂ ಬೇಡ, ಅದೇ ನೆಟ್‌ವರ್ಕಿನಲ್ಲಿದ್ದರೆ ಪಟ್ಟಿಯಲ್ಲಿ ತಾವೇ ಬಂದು ನಿಲ್ಲುತ್ತವೆ. ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1008 ಇದ್ದರೆ ಸ್ವಲ್ಪ ಕೆಲಸವಿದೆ. ಇವುಗಳಲ್ಲಿ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳ ತಂತ್ರಾಂಶ) ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರೇ ಅದನ್ನು ಕಳಿಸಬೇಕು. ಎಚ್‌ಪ್ಲಿಪ್ ಎಂಬ ತಂತ್ರಾಂಶ ಆ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಎಚ್‌ಪಿಯ ಪ್ಲಗಿನ್ ಒಂದನ್ನು ನೆಟ್‌ನಿಂದ ಬೇರೆಯಾಗಿ ಇಳಿಸಬೇಕು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಎಚ್‌ಪ್ಲಿಪ್ ಜಿಯುಐ ಹಾಕಿ, ಎಚ್‌ಪಿ ಸೆಟಪ್ ಓಡಿಸಿ, ಪ್ಲಗಿನ್ ಬೇಕೇ ಎಂದಾಗ ಒಪ್ಪಿ. ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಕೆಲಸ ಸಾಲಿನಲ್ಲಿ ನಿಲ್ಲುತ್ತದೆ, ಕಾಗದ ಮಾತ್ರ ಅಲ್ಲಾಡುವುದಿಲ್ಲ ಎಂದರೆ ಪ್ಲಗಿನ್ ಇಲ್ಲ ಎಂದೇ ಅರ್ಥ. ಪ್ಲಗಿನ್‌ನ ಆವೃತ್ತಿಯೂ ಎಚ್‌ಪ್ಲಿಪ್ ಆವೃತ್ತಿಯೂ ಒಂದೇ ಇರಬೇಕು. ಹಾಗಾಗಿ ದೊಡ್ಡ ಅಪ್‌ಗ್ರೇಡ್ ಆದಮೇಲೆ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ.

ಕ್ಯಾನನ್ ಎಲ್‌ಬಿಪಿ 2900 ಇರುವ ಮನೆಗೆ ನಾನು ಲಿನಕ್ಸ್ ಒಂದನ್ನೇ ಹಾಕಿಕೊಡುವುದಿಲ್ಲ. ಅದು ಮಾತಾಡುವುದು ಸಿಎಪಿಟಿ ಎಂಬ ಕ್ಯಾನನ್‌ನದೇ ಭಾಷೆ. ಅದನ್ನು ಲಿನಕ್ಸ್‌ಗೆ ಒಗ್ಗಿಸುವ ದಾರಿಗಳಿವೆ, ಬಲ್ಲವರು ಮಾಡಿಕೊಳ್ಳಬಹುದು. ಆದರೆ ತಿಂಗಳಿಗೊಮ್ಮೆ ಸರ್ವಿಸ್ ಮರುಚಾಲನೆ ಮಾಡಿ ಎಂದು ಮನೆಯವರಿಗೆ ಹೇಳಿಕೊಡುವುದು ನ್ಯಾಯವಲ್ಲ. ಅಂಥಲ್ಲಿ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿ, ಇಲ್ಲವೇ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳಿಸಿ.

ಎರಡನೇ ಪ್ರಶ್ನೆಗೆ ಉತ್ತರ ಟ್ಯಾಲಿ ಆದರೆ, ಟೆಂಡರ್ ಅಥವಾ ಜಿಎಸ್‌ಟಿಗೆ ಯುಎಸ್‌ಬಿ ಟೋಕನ್ನಿನ ಡಿಜಿಟಲ್ ಸಹಿ ಆದರೆ, ಆಧಾರ್ ಬೆರಳಚ್ಚಿನ ಯಂತ್ರ ಆದರೆ, ಫೋಟೋಶಾಪ್, ಆಟೋಕ್ಯಾಡ್ ಆದರೆ, ವಿಂಡೋಸನ್ನು ತೆಗೆಯಲೇಬೇಡಿ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸುವ ವೈನ್‌ನಲ್ಲಿ ಓಡಿಸಬಹುದಲ್ಲ ಎನ್ನುವವರಿದ್ದಾರೆ. ಇವತ್ತು ಓಡಿದ್ದು ಮುಂದಿನ ಅಪ್‌ಡೇಟಿಗೆ ಓಡದಿದ್ದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಒದ್ದಾಡುವವರು ಅವರಲ್ಲ. ಕಾಲೇಜು ಮಕ್ಕಳಿದ್ದರೆ ಪರೀಕ್ಷೆಗೆ ಯಾವ ತಂತ್ರಾಂಶ ಎಂದು ಕೇಳಿ: ಸೇಫ್ ಎಕ್ಸಾಂ ಬ್ರೌಸರ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಆಟದಲ್ಲಿ ವ್ಯಾಲೊರೆಂಟ್ ನಡೆಯುವುದಿಲ್ಲ. ಸ್ಟೀಮ್‌ನಲ್ಲಿರುವ ಎಷ್ಟೋ ಆಟಗಳು ವೈನ್‌ನಂಥದೇ ಆದ ಪ್ರೋಟಾನ್ ಮೂಲಕ ಚೆನ್ನಾಗಿಯೇ ನಡೆಯುತ್ತವೆ. ನೆಟ್ ಬ್ಯಾಂಕಿಂಗ್, ಗೂಗಲ್ ಮೀಟ್, ಝೂಮ್ ಯಾವುದಕ್ಕೂ ಅಡ್ಡಿಯಿಲ್ಲ. ಮಕ್ಕಳಿಗೆ ಕಷ್ಟವಾಗುತ್ತದೆ ಎಂಬ ಆತಂಕವನ್ನಂತೂ ಬಿಡಿ. ಪಕ್ಕದ ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳು ವರ್ಷಗಳಿಂದ ಕಲಿಯುತ್ತಿರುವುದು ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ.

ಈ ಎರಡು ಪ್ರಶ್ನೆ ದಾಟಿದ ಮೇಲೆ ಪೆನ್‌ಡ್ರೈವ್. 8 ಜಿಬಿಯದು ಸಾಕು, ಮಿಂಟ್ ತಾಣದಿಂದ ಇಳಿಸುವ ಐಎಸ್‌ಒ ಕಡತ ಸುಮಾರು 3 ಜಿಬಿ. ಇಳಿದ ಕಡತದ ಎಸ್‌ಎಚ್‌ಎ256 ಮೊತ್ತವನ್ನು (ಕಡತ ಕೆಟ್ಟಿಲ್ಲವೆಂದು ತಿಳಿಸುವ ಸಂಕೇತ) ಮಿಂಟ್ ತಾಣದಲ್ಲಿರುವುದರ ಜೊತೆ ತಾಳೆ ನೋಡಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದ್ದು ಅರ್ಧಕ್ಕೆ ಕೆಟ್ಟಿರುವುದುಂಟು, ಆಗ ಇನ್‌ಸ್ಟಾಲ್ ನಡುವೆ ಅರ್ಥವಾಗದ ದೋಷ ಬಂದು ನಿಲ್ಲುತ್ತದೆ. ಕಡತವನ್ನು ಪೆನ್‌ಡ್ರೈವಿಗೆ ಬರೆಯಲು ರೂಫಸ್ ಅಥವಾ ಬಲೇನಾ ಎಚರ್. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಅನ್ನು ಯಂತ್ರ ಆನ್ ಮಾಡಿದ ಕೂಡಲೇ ಒತ್ತಿದರೆ ಬೂಟ್ ಮೆನು, ಅಲ್ಲಿ ಪೆನ್‌ಡ್ರೈವ್ ಆರಿಸಿ. ಏಸರ್‌ನ ಕೆಲವು ಮಾದರಿಗಳಲ್ಲಿ ಎಫ್12 ಮೆನುವನ್ನು ಮೊದಲು ಬಯಾಸ್‌ನಲ್ಲಿ (ಯಂತ್ರದ ಮೂಲ ಹೊಂದಿಕೆಗಳಲ್ಲಿ) ಆನ್ ಮಾಡಬೇಕು.

ಬೂಟ್ ಆದದ್ದು ಲೈವ್ ಮಿಂಟ್, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಮಿಂಟ್, ಡಿಸ್ಕಿನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಇಲ್ಲೇ ಅರ್ಧ ಗಂಟೆ ಕೂತು ಎಲ್ಲವನ್ನೂ ಮುಟ್ಟಿ ನೋಡಿ: ವೈಫೈ, ಸದ್ದು, ಕ್ಯಾಮೆರಾ, ಬೆಳಕಿನ ಕೀಲಿ, ಮುಚ್ಚಳ ಮುಚ್ಚಿ ತೆರೆದರೆ ಪರದೆ ಮರಳುತ್ತದೆಯೇ, ಪ್ರಿಂಟರಿನಿಂದ ಒಂದು ಹಾಳೆ. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ, ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವೇ. ವೈಫೈ ಕಾಣದಿದ್ದರೆ ಹೆಚ್ಚಾಗಿ ಅದು ಬ್ರಾಡ್‌ಕಾಮ್ ಚಿಪ್. ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ಇನ್‌ಸ್ಟಾಲ್ ಆದಮೇಲೆ ಹೀಗೇ ನೆಟ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಚಾಲಕವನ್ನು ಅದೇ ತೋರಿಸುತ್ತದೆ. ಡಿಸ್ಕ್ಸ್ ಎಂಬ ತಂತ್ರಾಂಶದಲ್ಲಿ ಹಳೆಯ ಡಿಸ್ಕಿನ ಸ್ಮಾರ್ಟ್ ಮಾಹಿತಿಯನ್ನೂ (ಡಿಸ್ಕಿನ ಆರೋಗ್ಯದ ವರದಿ) ನೋಡಿಬಿಡಿ. ರೀಅಲೊಕೇಟೆಡ್ ಸೆಕ್ಟರ್ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕಿನ ಫೋಟೋಗಳನ್ನು ಇವತ್ತೇ ಬೇರೆಡೆ ನಕಲು ಮಾಡಿ, ಉಳಿದದ್ದು ಆಮೇಲೆ.

ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ತಯಾರಿ ವಿಂಡೋಸ್ ಒಳಗೇ ಆಗಬೇಕು. ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯಾಸ್ ಮೋಡ್ ಯುಇಎಫ್‌ಐ ಇದೆಯೋ ಲೆಗಸಿಯೋ ಬರೆದಿಟ್ಟುಕೊಳ್ಳಿ. ಪೆನ್‌ಡ್ರೈವನ್ನೂ ಅದೇ ಮೋಡ್‌ನಲ್ಲಿ ಬೂಟ್ ಮಾಡಬೇಕು, ಇಲ್ಲದಿದ್ದರೆ ಆಮೇಲೆ ಗ್ರಬ್ ಮೆನುವಿನಲ್ಲಿ (ಆನ್ ಆದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಪಟ್ಟಿ) ವಿಂಡೋಸ್ ಸಿಗುವುದಿಲ್ಲ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಲಿನಕ್ಸಿನಿಂದ ಆ ಡ್ರೈವಿಗೆ ಏನೂ ಬರೆಯಲು ಬರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಶ್ರಿಂಕ್ ಮಾಡಿ ಕನಿಷ್ಠ 60 ಜಿಬಿ ಖಾಲಿ ಜಾಗ ಬಿಡಿ. ಮಿಂಟ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಇಂಟೆಲ್ ಆರ್‌ಎಸ್‌ಟಿಗೆ ಹೊಂದಿಸಿರುತ್ತದೆ. ಅದನ್ನು ಎಎಚ್‌ಸಿಐ ಮಾಡುವ ಮುಂಚೆ ವಿಂಡೋಸನ್ನು ಸೇಫ್ ಮೋಡಿಗೆ ಹೊಂದಿಸಿ, ಬದಲಿಸಿದ ಮೇಲೆ ಒಮ್ಮೆ ಸೇಫ್ ಮೋಡ್‌ನಲ್ಲೇ ಬೂಟ್ ಮಾಡಿ. ನೇರ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ.

ಎರಡೂ ಇರುವ ಯಂತ್ರದಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಭಾರತೀಯ ಸಮಯವನ್ನೇ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ಅಂತರ ಸರಿಯಾಗಿ 5 ಗಂಟೆ 30 ನಿಮಿಷ. ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಗೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಎಂದು (timedatectl set-local-rtc 1) ಕೊಟ್ಟರೆ ಲಿನಕ್ಸೂ ಸ್ಥಳೀಯ ಸಮಯಕ್ಕೆ ಒಪ್ಪುತ್ತದೆ.

ಇನ್‌ಸ್ಟಾಲ್ ಸುಲಭ, ಹಳೇ ಯಂತ್ರದಲ್ಲೂ ಎಸ್‌ಎಸ್‌ಡಿ ಇದ್ದರೆ ಬೇಗ ಮುಗಿಯುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದು ಮಲ್ಟಿಮೀಡಿಯಾ ಕೋಡೆಕ್ಸ್ ಆಯ್ಕೆ ಮಾಡಿದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆದಿಡಿ. ಮೊದಲ ರೀಬೂಟ್‌ನಲ್ಲಿ ನೀಲಿ ಪರದೆ ಬಂದು ಕೀಲಿ ಒತ್ತಲು ಕೆಲವೇ ಸೆಕೆಂಡು ಕಾಯುತ್ತದೆ. ಒತ್ತಿ, ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಅದೇ ಪಾಸ್‌ವರ್ಡ್. ಏನೋ ಎರರ್ ಬಂತು ಎಂದು ಹೆದರಿ ಹಾಗೇ ಬಿಟ್ಟರೆ ಕಂಪ್ಯೂಟರ್ ಬೂಟ್ ಆಗುತ್ತದೆ, ಆದರೆ ಹೊರಗಿನಿಂದ ಬಂದ ವೈಫೈ ಅಥವಾ ಎನ್‌ವಿಡಿಯಾ ಚಾಲಕ ಕೆಲಸ ಮಾಡುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ನುಡಿ ಮತ್ತು ಬರಹ ಎರಡೂ ವಿಂಡೋಸ್ ತಂತ್ರಾಂಶಗಳು. ಆದರೆ ಕೈಗೆ ಕೂತ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಎಲ್ಲೂ ಹೋಗುವುದಿಲ್ಲ. ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಎರಡು ಪ್ಯಾಕೇಜ್ ಹಾಕಿ. ಮೆನುವಿನ ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ ಲಾಗ್‌ಔಟ್ ಆಗಿ ಬನ್ನಿ. ಈ ಲಾಗ್‌ಔಟ್ ಬಿಟ್ಟರೆ ಎಲ್ಲ ಸರಿ ಇದ್ದಂತೆ ಕಂಡರೂ ಇಂಗ್ಲಿಷ್ ಅಕ್ಷರವೇ ಬೀಳುತ್ತಿರುತ್ತದೆ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿ. ಕೆ, ಎನ್, ಎಫ್, ಎನ್, ಡಬ್ಲ್ಯು, ‘ಕನ್ನಡ’ ಬಂತು. ನುಡಿಯಲ್ಲಿ ಒತ್ತಿದ ಹಾಗೆಯೇ ಎಫ್ ಒತ್ತಕ್ಷರಕ್ಕೆ. ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವವರಿಗೆ ಐಟ್ರಾನ್ಸ್ ಇದೆ.

ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನ ಕಡತಗಳು ಬೇರೆಯೇ ತಲೆನೋವು. ‘ನುಡಿ 01 ಇ’ಯಲ್ಲಿ ಬರೆದ ಅರ್ಜಿ, ವರ್ಡ್ ಬದಲಿಗೆ ಬಳಸುವ ಲಿಬ್ರೆಆಫೀಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಆ ಫಾಂಟಿನ ಕಡತವನ್ನು ಹಳೇ ವಿಂಡೋಸಿನಿಂದ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಲು, ಮುದ್ರಿಸಲು ಬರುತ್ತದೆ. ತಿದ್ದಬೇಕಾದರೆ ಯೂನಿಕೋಡಿಗೆ ಪರಿವರ್ತಿಸಲೇಬೇಕು. ಅದಕ್ಕೆ ಪರಿವರ್ತಕಗಳಿವೆ, ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ಯೂನಿಕೋಡ್ ಫಾಂಟ್‌ಗಳಲ್ಲಿ ನವಿಲು, ಗುಬ್ಬಿ ಉಬುಂಟು ಭಂಡಾರದಲ್ಲೇ ಸಿಗುತ್ತವೆ, ಪತ್ರಕ್ಕೆ ನೋಟೊ ಸೆರಿಫ್ ಕನ್ನಡ ಚೆನ್ನ.

ಲಿಬ್ರೆಆಫೀಸಿನಲ್ಲಿ ಎರಡು ಬದಲಾವಣೆ ಮಾಡದೆ ನಾನು ಯಂತ್ರ ಕೊಡುವುದಿಲ್ಲ. ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ ಅದರ ಫಾಂಟನ್ನು ಕನ್ನಡದ್ದಕ್ಕೆ ಬದಲಿಸುವುದು. ಕನ್ನಡ ಪಠ್ಯದ ಫಾಂಟು, ಗಾತ್ರಗಳನ್ನು ಅದು ಇಂಗ್ಲಿಷಿನಿಂದ ಬೇರೆಯಾಗಿ ನೆನಪಿಡುತ್ತದೆ. ಇನ್ನೊಂದು, ಉಳಿಸುವಾಗ ಸದಾ ವರ್ಡ್ ರೂಪದಲ್ಲೇ ಉಳಿಯುವಂತೆ ಮಾಡುವುದು. ಇಲ್ಲದಿದ್ದರೆ ಲಿಬ್ರೆಆಫೀಸಿನದೇ ರೂಪವಾದ ಓಡಿಟಿ ಕಡತ ಮೇಲ್‌ನಲ್ಲಿ ಹೋಗಿ, ಆಚೆ ಕಡೆಯವರು ತೆರೆಯುತ್ತಿಲ್ಲ ಎಂದು ಫೋನ್ ಮಾಡುತ್ತಾರೆ. ಟೇಬಲ್ ತುಂಬಿದ ಫಾರಂಗಳು ವರ್ಡ್‌ನಲ್ಲಿ ಕಂಡಂತೆಯೇ ಕಾಣಲಿ ಎಂದು ನಿರೀಕ್ಷಿಸಬೇಡಿ. ಅಂಥದ್ದನ್ನು ಪಿಡಿಎಫ್ ಮಾಡಿಯೇ ಕಳಿಸಬೇಕು.

ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಒಂದೇ ತಂತ್ರಾಂಶಕ್ಕೆ ಸಿಸ್ಟಮ್ ಪ್ಯಾಕೇಜ್, ಫ್ಲಾಟ್‌ಪ್ಯಾಕ್ ಎಂದು ಎರಡು ರೂಪ ಇರುವುದುಂಟು. ಮೊದಲ ಫ್ಲಾಟ್‌ಪ್ಯಾಕ್ ಹಾಕುವಾಗ ಅದರ ತಳಪಾಯವೂ ಇಳಿಯುವುದರಿಂದ ಪುಟ್ಟ ತಂತ್ರಾಂಶಕ್ಕೂ ನೂರಾರು ಎಂಬಿ ಖರ್ಚು. ದಿನಕ್ಕೆ ಇಷ್ಟು ಎಂದು ಮೊಬೈಲ್ ಡೇಟಾ ಹಾಕಿಸಿಕೊಳ್ಳುವ ಮನೆಗಳಲ್ಲಿ ಸಿಸ್ಟಮ್ ಪ್ಯಾಕೇಜನ್ನೇ ಆರಿಸಿ.

ಟೈಮ್‌ಶಿಫ್ಟ್ ಹೊಂದಿಸದೆ ಅಪ್‌ಡೇಟ್ ಮಾಡಬೇಡಿ. ಅದು ವ್ಯವಸ್ಥೆಯ ಕಡತಗಳನ್ನು ಹಿಂದಿನ ಸ್ಥಿತಿಗೆ ತರುತ್ತದೆ. ನಿಮ್ಮ ಫೋಟೋ, ಪತ್ರಗಳನ್ನು ಮೂಲ ಹೊಂದಿಕೆಯಲ್ಲಿ ಮುಟ್ಟುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು. ನಾನು ವಾರಕ್ಕೊಂದು ನಕಲು, ಎರಡು ಮಾತ್ರ ಉಳಿಯಲಿ ಎಂದು ಹೊಂದಿಸುತ್ತೇನೆ. 120 ಜಿಬಿ ಎಸ್‌ಎಸ್‌ಡಿಯಲ್ಲಿ ದಿನಕ್ಕೆ, ವಾರಕ್ಕೆ, ತಿಂಗಳಿಗೆ ಎಂದು ಎಲ್ಲವನ್ನೂ ಟಿಕ್ ಮಾಡಿದರೆ ಡಿಸ್ಕ್ ತುಂಬುತ್ತದೆ. ಆಗ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಪರದೆ ಮಿನುಗಿ ಮತ್ತೆ ಲಾಗಿನ್ನಿಗೇ ಬಂದು ನಿಲ್ಲುತ್ತದೆ. ಮನೆಯವರು ಪಾಸ್‌ವರ್ಡ್ ಮರೆತೆವು ಅಂದುಕೊಳ್ಳುತ್ತಾರೆ. ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ‘ಸುಡೊ ಟೈಮ್‌ಶಿಫ್ಟ್’ಗೆ ‘ಡಿಲೀಟ್’ ಆಯ್ಕೆ (sudo timeshift --delete) ಕೊಟ್ಟು ಹಳೆಯ ನಕಲು ಅಳಿಸಿದರೆ ಮತ್ತೆ ಒಳಗೆ ಹೋಗಬಹುದು.

22ರಿಂದ 22.1, 22.2 ಹೀಗೆ ಏರುವುದು ಅಪ್‌ಡೇಟ್ ಮ್ಯಾನೇಜರಿನ ಎಡಿಟ್ ಮೆನುವಿನಿಂದಲೇ ಆಗುತ್ತದೆ, ಅದನ್ನು ಮನೆಯವರೇ ಮಾಡಿಕೊಳ್ಳಬಹುದು. ಮುಂದಿನ ದೊಡ್ಡ ಆವೃತ್ತಿಗೆ ಹಾರುವುದು ಬೇರೆ ಮಾತು. ಅದಕ್ಕೆ ಆತುರವಿಲ್ಲ, ಬೆಂಬಲ ಇರುವ ತನಕ ಇದ್ದಲ್ಲೇ ಇರಲಿ. ಹಾರುವ ದಿನ ಮೊದಲು ಟೈಮ್‌ಶಿಫ್ಟ್, ಆಮೇಲೆ ಮಿಂಟ್‌ಅಪ್‌ಗ್ರೇಡ್, ಮುಗಿದ ಕೂಡಲೇ ಪ್ರಿಂಟರಿನಿಂದ ಒಂದು ಹಾಳೆ ತೆಗೆದು ನೋಡಿ.