ಜರ್ಮನಿಯಲ್ಲಿ ಚರ್ಚ್ ತೆರಿಗೆ: ಕ್ರೈಸ್ತ ಕನ್ನಡಿಗರು ಮೊದಲೇ ತಿಳಿದಿರಬೇಕಾದದ್ದು

ಜರ್ಮನಿಗೆ ಬಂದು ಮನೆ ಹಿಡಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆ ಅರ್ಜಿಯಲ್ಲಿ ಧರ್ಮ ಕೇಳುವ ಒಂದು ಕಾಲಂ ಇರುತ್ತದೆ. ಶಾಲೆಯ ದಾಖಲಾತಿಯಿಂದ ಹಿಡಿದು ಎಲ್ಲೆಡೆ ಧರ್ಮ ಬರೆದು ಅಭ್ಯಾಸವಾಗಿರುವ ನಾವು ಇದನ್ನೂ ಯೋಚಿಸದೆ ತುಂಬಿಬಿಡುತ್ತೇವೆ. ಆದರೆ ಇಲ್ಲಿ ಬರೆದದ್ದು ತೆರಿಗೆ ಇಲಾಖೆಗೆ, ಅಲ್ಲಿಂದ ನಿಮ್ಮ ಕಂಪನಿಗೆ ಹೋಗುತ್ತದೆ. ಮೊದಲ ಸಂಬಳದ ಚೀಟಿಯಲ್ಲೇ 'ಕಿರ್ಖನ್‌ಷ್ಟೊಯರ್', ಅಂದರೆ ಚರ್ಚ್ ತೆರಿಗೆ, ಕಡಿತವಾಗಿರುತ್ತದೆ.

ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿ ಇದರ ದರ ಶೇ. 8, ಉಳಿದೆಡೆ ಶೇ. 9. ಇದು ಸಂಬಳದ ಮೇಲಿನ ಲೆಕ್ಕವಲ್ಲ, ಆದಾಯ ತೆರಿಗೆಯ ಮೇಲಿನದು. ವರ್ಷಕ್ಕೆ 6000 ಯೂರೋ ಆದಾಯ ತೆರಿಗೆ ಕಟ್ಟುವವರು ಸ್ಟುಟ್‌ಗಾರ್ಟ್‌ನಲ್ಲಿದ್ದರೆ 480, ಫ್ರಾಂಕ್‌ಫರ್ಟ್‌ನಲ್ಲಿದ್ದರೆ 540 ಯೂರೋ ಕೊಡುತ್ತಾರೆ. ಆದಾಯ ತೆರಿಗೆಯೇ ಬಾರದ ವಿದ್ಯಾರ್ಥಿಗೆ ಇದೂ ಇಲ್ಲ. ವರ್ಷಾಂತ್ಯದ ವಿವರ ಸಲ್ಲಿಸುವಾಗ ಕಟ್ಟಿದ ಚರ್ಚ್ ತೆರಿಗೆಯನ್ನು ತೆರಿಗೆಗೊಳಪಡುವ ಆದಾಯದಿಂದ ಕಳೆಯಲು ಅವಕಾಶವಿದೆ. ಇದನ್ನು ಮರೆಯಬೇಡಿ.

ಸರ್ಕಾರ ಚರ್ಚಿನ ಪರವಾಗಿ ಹಣ ವಸೂಲಿ ಮಾಡುವುದು ನಮಗೆ ವಿಚಿತ್ರವೆನಿಸುತ್ತದೆ. 1803ರಲ್ಲಿ ಇಲ್ಲಿನ ಅರಸರು ಚರ್ಚಿನ ಜಮೀನು, ಮಠಗಳ ಆಸ್ತಿಯನ್ನು ವಶಪಡಿಸಿಕೊಂಡರು. ಅದರ ಜೊತೆಗೆ ಪಾದ್ರಿಗಳನ್ನು ಸಾಕುವ ಹೊಣೆಯೂ ಅವರ ಹೆಗಲಿಗೆ ಬಿತ್ತು. ಆ ಹೊರೆಯನ್ನು ಚರ್ಚಿನ ಸದಸ್ಯರ ಮೇಲೆ ವರ್ಗಾಯಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದೇ ರಾಜ್ಯ ಈ ತೆರಿಗೆಯನ್ನು ತಂದಿತು. 1919ರ ವೈಮರ್ ಸಂವಿಧಾನ ಅದಕ್ಕೆ ಆಧಾರ ಕೊಟ್ಟಿತು, 1949ರ ಸಂವಿಧಾನ ಆ ವಿಧಿಗಳನ್ನು ಹಾಗೆಯೇ ಉಳಿಸಿಕೊಂಡಿತು. ರೈನ್ ನದಿಯ ಆಚೆ ಫ್ರಾನ್ಸ್‌ನಲ್ಲಿ 1905ರ ಕಾನೂನು ಸರ್ಕಾರವನ್ನೂ ಚರ್ಚನ್ನೂ ಪೂರ್ತಿ ಬೇರ್ಪಡಿಸಿದೆ. ಆದರೆ ಆಗ ಜರ್ಮನಿಯ ಕೈಯಲ್ಲಿದ್ದ ಅಲ್ಸಾಸ್‌ಗೆ ಆ ಕಾನೂನು ತಟ್ಟಲಿಲ್ಲ. ಅಲ್ಲಿನ ಸ್ಟ್ರಾಸ್‌ಬರ್ಗ್ ನಗರದ ಪಾದ್ರಿಗಳಿಗೆ ಇಂದಿಗೂ ಫ್ರೆಂಚ್ ಸರ್ಕಾರವೇ ಸಂಬಳ ಕೊಡುತ್ತದೆ.

ಕಾಲಂನಲ್ಲಿ ಏನು ಬರೆಯಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕ್ಯಾಥೋಲಿಕರಾದರೆ, ಮಂಗಳೂರಿನಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಪಡೆದ ಜ್ಞಾನಸ್ನಾನವೇ ಸದಸ್ಯತ್ವಕ್ಕೆ ಸಾಕು ಎಂಬುದು ಜರ್ಮನ್ ಚರ್ಚಿನ ನಿಲುವು. ಬರ್ಲಿನ್‌ನಲ್ಲಿ ನೆಲೆಸಿದವರಿಗೆ ಜ್ಞಾನಸ್ನಾನವಾಗಿದೆಯೇ ಎಂದು ಕೇಳುವ ಪ್ರಶ್ನಾವಳಿ ಬರುವುದೂ ಉಂಟು. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು 'ಇವಾಂಗೆಲಿಶ್', ಅಂದರೆ ಪ್ರೊಟೆಸ್ಟೆಂಟ್, ಎಂದು ಬರೆದರೆ ಆ ಪ್ರಾಂತ್ಯದ ಪ್ರೊಟೆಸ್ಟೆಂಟ್ ಸಭೆಗೆ ಸೇರುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದು ಕರಾವಳಿಯ ಸಿಎಸ್‌ಐ ಸಭೆಗಳಿಗೆ ಬುನಾದಿ ಹಾಕಿದ ಬಾಸೆಲ್ ಮಿಷನ್ನಿನ ಅನೇಕರು ವ್ಯುರ್ಟೆಂಬೆರ್ಗ್‌ನ ಹಳ್ಳಿ-ಪಟ್ಟಣಗಳವರು. 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿನ ಬ್ರಾಕೆನ್‌ಹೈಮ್‌ನಲ್ಲಿ. ಹಾಗಾಗಿ ಸ್ಟುಟ್‌ಗಾರ್ಟ್ ಸುತ್ತಲಿನ ಸಭೆಗಳಲ್ಲಿ ಮಂಗಳೂರಿನ ಬಲ್ಮಠದ ಸಭೆಯಿಂದ ಬಂದವರಿಗೆ ಪರಿಚಿತ ರಾಗದ ಕೀರ್ತನೆಗಳು ಕಿವಿಗೆ ಬೀಳಬಹುದು. ಪೆಂತೆಕೊಸ್ತ್ ಮೊದಲಾದ ಸ್ವತಂತ್ರ ಸಭೆಗಳವರು ಮಾತ್ರ 'ಇವಾಂಗೆಲಿಶ್' ಎಂದು ಬರೆಯಬಾರದು. ಆ ಸಭೆಗಳು ಸಾಮಾನ್ಯವಾಗಿ ಕಾಣಿಕೆಯಿಂದಲೇ ನಡೆಯುತ್ತವೆ, ಹಾಗೆ ಬರೆದರೆ ನಿಮ್ಮ ತೆರಿಗೆ ಮಾತ್ರ ನೀವು ಕಾಲಿಡದ ಚರ್ಚಿಗೆ ಹೋಗುತ್ತದೆ.

ಹೊಸಬರಿಗೆ ಸಹೋದ್ಯೋಗಿಗಳು ಕೊಡುವ ಸಾಮಾನ್ಯ ಸಲಹೆ: 'ಸಭೆಯಿಂದ ಹೊರಬಂದುಬಿಡಿ, ದುಡ್ಡು ಉಳಿಯುತ್ತದೆ.' ಹೊರಬರುವುದೇನೋ ಸುಲಭ. ಕೆಲವು ರಾಜ್ಯಗಳಲ್ಲಿ ಸ್ಥಳೀಯ ನ್ಯಾಯಾಲಯದಲ್ಲಿ, ಕೆಲವೆಡೆ ಜನನ-ವಿವಾಹ ನೋಂದಣಿ ಕಚೇರಿಯಲ್ಲಿ ಒಂದು ಸಹಿ ಹಾಕಿದರಾಯಿತು. ಪರಿಣಾಮ ಮಾತ್ರ ಸಣ್ಣದಲ್ಲ. ಜರ್ಮನ್ ಬಿಷಪರು 2012ರಲ್ಲಿ ಹೊರಡಿಸಿದ ಆದೇಶದಂತೆ, ಹಾಗೆ ಹೊರಬಂದ ಕ್ಯಾಥೋಲಿಕರು ಪಾಪನಿವೇದನೆ ಮಾಡುವಂತಿಲ್ಲ, ಪರಮಪ್ರಸಾದ ಸ್ವೀಕರಿಸುವಂತಿಲ್ಲ, ಮಕ್ಕಳಿಗೆ ಜ್ಞಾನ ತಂದೆ-ತಾಯಿ ಆಗುವಂತಿಲ್ಲ. ಪಶ್ಚಾತ್ತಾಪ ತೋರದೆ ಸತ್ತರೆ ಚರ್ಚಿನ ಅಂತ್ಯಕ್ರಿಯೆಯನ್ನೂ ನಿರಾಕರಿಸಬಹುದು. ಕ್ಯಾಥೋಲಿಕ್ ಸಂಸ್ಥೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿರುವವರ ಕೆಲಸಕ್ಕೂ ಕುತ್ತು ಬರಬಹುದು.

ನನಗೆ ಈ ನಿಯಮ ಕಠೋರವೆನಿಸುತ್ತದೆ. ವರ್ಷದ ಚಂದಾ ಬಾಕಿಯಿದೆ ಎಂದು ಪರಮಪ್ರಸಾದ ನಿರಾಕರಿಸುವುದನ್ನು ನಮ್ಮ ಊರಿನ ಧರ್ಮಕೇಂದ್ರಗಳಲ್ಲಿ ಯಾರೂ ಊಹಿಸಲಾರರು. ಹಾಗೆಂದು ಕಾಗದದ ಮೇಲೆ ಹೊರಬಂದು, ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದನ್ನೂ ನಾನು ಒಪ್ಪಲಾರೆ. ಚರ್ಚ್ ಬೇಕೆನಿಸಿದರೆ ತೆರಿಗೆ ಕಟ್ಟಿ, ಬೇಡವೆನಿಸಿದರೆ ಕುಟುಂಬದವರೊಂದಿಗೆ ಮಾತಾಡಿ ತಿಳಿದೇ ಹೊರಬನ್ನಿ. ಸಂಗಾತಿ ಹಿಂದೂ ಆಗಿದ್ದು ಇಬ್ಬರೂ ಒಟ್ಟಾಗಿ ತೆರಿಗೆ ವಿವರ ಸಲ್ಲಿಸುವುದಾದರೆ, ಅವರ ದೊಡ್ಡ ಸಂಬಳವನ್ನೂ ಲೆಕ್ಕಕ್ಕೆ ಹಿಡಿದು ನಿಮ್ಮಿಂದ ಬೇರೊಂದು ಚರ್ಚ್ ಶುಲ್ಕ ಪಡೆಯುವ ಪದ್ಧತಿ ಹಲವು ರಾಜ್ಯಗಳಲ್ಲಿದೆ. ಸಹಿ ಮಾಡುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಮದುವೆಯ ವಿಚಾರದಲ್ಲೂ ಎಚ್ಚರ ಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಿಂದಾಗಿ ನಮ್ಮಲ್ಲಿ ಚರ್ಚಿನ ಮದುವೆಗೇ ಕಾನೂನಿನ ಬಲವಿದೆ. ಜರ್ಮನಿಯಲ್ಲಿ 1876ರಿಂದ ಕಾನೂನಿನ ಪ್ರಕಾರ ಮದುವೆ ನಡೆಯುವುದು ನೋಂದಣಿ ಕಚೇರಿಯಲ್ಲಿ ಮಾತ್ರ. ಜರ್ಮನಿಯ ಚರ್ಚಿನಲ್ಲಷ್ಟೇ ಮದುವೆಯಾಗಿ ಸಂಗಾತಿಯ ವೀಸಾಕ್ಕೆ ಅರ್ಜಿ ಹಾಕಿದರೆ ತಿರಸ್ಕೃತವಾಗುತ್ತದೆ. ವಿವಾಹವಾಗಲು ಅಡ್ಡಿಯಿಲ್ಲವೆಂದು ಜರ್ಮನ್ ಕಾನೂನು ಕೇಳುವ ಪ್ರಮಾಣಪತ್ರವನ್ನು ಭಾರತ ಕೊಡುವುದಿಲ್ಲವಾದ್ದರಿಂದ, ಜರ್ಮನಿಯ ಪ್ರಾಂತೀಯ ಉಚ್ಚ ನ್ಯಾಯಾಲಯದಿಂದ ವಿನಾಯಿತಿ ಪಡೆಯಬೇಕಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುವುದರಿಂದ, ಚರ್ಚಿನಲ್ಲಿ ದಿನ ಗೊತ್ತುಮಾಡುವ ಮೊದಲೇ ನೋಂದಣಿ ಕಚೇರಿಯ ಕಾಗದಗಳನ್ನು ಶುರುಮಾಡಿ.